ರೌಟರಿಗೆ ಬೀಗ ಹಾಕಿದೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಹೊಟ್ಟೆ ತೊಳಸುವುದು ನಿಂತಿತೇ? ಹಡಗಿನ ಎಂಜಿನ್ನಿಗೆ ಹೊತ್ತುಹೊತ್ತಿಗೆ ಎಣ್ಣೆ ನೋಡುವವಳು ನಿನ್ನ ಹೊಟ್ಟೆಯನ್ನೂ ಸ್ವಲ್ಪ ನೋಡಿಕೋ. ನಡುಗಡಲಲ್ಲಿ ಫೋನ್ ಸಿಗುವುದಿಲ್ಲವಲ್ಲ, ಮುಂದಿನ ಬಂದರಿನಲ್ಲಾದರೂ ಕೈಸೇರಲಿ ಎಂದು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ, ಹೊಲಿಗೆ ಕೈತುಂಬ ಇದೆ. ಅಪ್ಪ ಈಗ ಗೋಡೆ ಹಿಡಿಯದೆ ಬಚ್ಚಲಿನವರೆಗೂ ನಡೆಯುತ್ತಾರೆ.

ಕೊನೆಗೂ ರೌಟರಿಗೆ ಬೀಗ ಹಾಕಿದೆ. ಹೊರಡುವ ಮುಂಚೆ ನೀನು "ಪಾಸ್‌ವರ್ಡ್ ಹಾಕಮ್ಮಾ" ಎಂದು ಬಡಕೊಂಡಾಗ, ನಮ್ಮ ನೆಟ್ಟನ್ನು ಯಾರು ಕದಿಯುತ್ತಾರೆ ಎಂದು ನಕ್ಕಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು. ಪಾರ್ಶ್ವವಾಯು ಬಡಿದಾಗಿನಿಂದ ಅಪ್ಪನಿಗೆ ದಿನಾ ಸಂಜೆ ಮಾತಿನ ಟೀಚರ್ ವಿಡಿಯೋದಲ್ಲಿ ಪಾಠ ಹೇಳುತ್ತಾರಲ್ಲ, ಸರಿಯಾಗಿ ಅದೇ ಹೊತ್ತಿಗೆ ಪರದೆ ನಿಂತುಹೋಗತೊಡಗಿತು. ಟೀಚರ್ ಬಾಯಿ ತೆರೆದವರು ಹಾಗೇ ಕಲ್ಲಾಗುತ್ತಿದ್ದರು, ಅಪ್ಪನೂ ಬಾಯಿ ತೆರೆದು ಕಾಯುತ್ತಿದ್ದರು. ಜೀವಮಾನವೆಲ್ಲ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗಿ ಹೇಳಿದ ಮನುಷ್ಯ, ಈಗ ನೀರು ಬೇಕೆಂದರೂ ಬೆರಳು ತೋರಿಸಬೇಕು. ಪಾಠ ತಪ್ಪಿದರೆ ಬರುವ ಮಾತೂ ಬಾರದೆ ಹೋಗಬಹುದು ಎಂದು ಟೀಚರ್ ಹೇಳಿದಾಗ ಜೀವವೇ ಬಾಯಿಗೆ ಬಂತು.

ಅದೇ ವಾರ ಮಹಡಿ ಮನೆಯ ಡ್ರೈವರ್ ಇಳಿದು ಬಂದರು. "ಅಕ್ಕಾ, ಸಂಜೆ ಹೊತ್ತು ನಿಮ್ಮ ನೆಟ್ ತುಂಬಾ ಸ್ಲೋ. ನಮ್ಮ ಸಿನಿಮಾ ಓಡ್ತಾನೇ ಇಲ್ಲ, ಕಂಪನಿಯವರಿಗೆ ಒಂದ್ ಮಾತು ಹೇಳಿ" ಎಂದರು! ಬಾಡಿಗೆಯ ಜೊತೆಗೇ ಬರುತ್ತದೆ ಎಂದುಕೊಂಡಿದ್ದರಂತೆ, ಪಾಪ.

ಅವತ್ತೇ ರೌಟರನ್ನು ಬೋರಲು ಹಾಕಿ, ಬೆನ್ನಿನ ಚೀಟಿಯ ಅಂಕಿಗಳನ್ನು ಫೋನಿನಲ್ಲಿ ಒತ್ತಿ ಸೆಟ್ಟಿಂಗ್ಸ್ ಒಳಗೆ ಹೊಕ್ಕೆ. ಬೀಗವೆಂದರೆ ಗಟ್ಟಿಯಾದದ್ದೇ ಇರಲಿ ಎಂದು ಎಲ್ಲಕ್ಕಿಂತ ಹೊಸದಾದ ಡಬ್ಲ್ಯುಪಿಎ ೩ ಆರಿಸಿದೆ. ಅಪ್ಪನ ಹಳೇ ಟ್ಯಾಬಿಗೆ ಆ ಬೀಗದ ಪರಿಚಯವೇ ಇಲ್ಲ, ಒಳಗೇ ಹೋಗಲೊಲ್ಲದು. ಇಲಿ ಬಂತೆಂದು ಮನೆಗೇ ಬೆಂಕಿ ಇಟ್ಟ ಹಾಗಾಯಿತು. ಟೀಚರಿಗೆ ಫೋನ್ ಮಾಡಿ ಅತ್ತೇಬಿಟ್ಟೆ. "ಗಾಬರಿ ಬೇಡಮ್ಮ, ಒಂದು ಮೆಟ್ಟಿಲು ಇಳೀರಿ, ಎರಡು ಅಂತಿದೆಯಲ್ಲ, ಅದನ್ನ ಒತ್ತಿ" ಎಂದರು. ಟ್ಯಾಬಿನಲ್ಲಿ ತಮ್ಮ ಮುಖ ಕಾಣುವವರೆಗೂ ಫೋನಿಡಲಿಲ್ಲ, ಅವರ ಊಟ ಆರಿಹೋಯಿತು. ಇಂಥವರ ಋಣ ಹೇಗೆ ತೀರಿಸುವುದು ಹೇಳು. ಈಗ ಪಾಠ ಒಂದು ಚೂರೂ ನಿಲ್ಲುವುದಿಲ್ಲ. ಹಟ ಹಿಡಿದು ಹೇಳಿದ ನಿನಗೂ ಕೈ ಮುಗಿಯಬೇಕು, ಆದರೆ ಅಮ್ಮ ಮಗಳಿಗೆ ಮುಗಿಯಬಾರದಂತೆ, ಬಚಾವಾದೆ.

ಪಾಸ್‌ವರ್ಡ್ ಏನು ಗೊತ್ತೇ? ಗುಂಡುಮೆಣಸು. ಚಿಕ್ಕಂದಿನಿಂದ ಅಪ್ಪ ನಿನ್ನನ್ನು ಕರೆದ ಹೆಸರು, ನೀನು ಹೊರಟ ದಿನ ಎಷ್ಟು ಒದ್ದಾಡಿದರೂ ಅವರ ಬಾಯಿಗೆ ಬಾರದ ಹೆಸರು. ಯಾರಿಗೂ ಹೇಳಬೇಡಿ ಎಂದು ಅವರಿಗೂ ತಾಕೀತು ಮಾಡಿದೆ. ಹೇಳಲು ಬಾಯಿ ಬಂದರೆ ತಾನೇ ಎಂಬಂತೆ ಕಣ್ಣಲ್ಲೇ ನಕ್ಕರು.

ಕಡಲು ನಿನ್ನನ್ನು ಮಗಳ ಹಾಗೆ ನೋಡಿಕೊಳ್ಳಲಿ. ಜೊತೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಡ್ರೈವರ್ ಬಾಗಿಲಿಗೆ ಬಂದು, ತಮ್ಮ ಹೊಸ ಸಂಪರ್ಕ ಬರುವವರೆಗೆ ಪಾಸ್‌ವರ್ಡ್ ಕೊಡ್ತೀರಾ ಎಂದು ಕೇಳಿದರು. ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕುರ್ಚಿಯಿಂದ "ಗುಂಡು... ಮೆಣಸು" ಎಂದರು. ಇನ್ನೊಮ್ಮೆ, ಗಟ್ಟಿಯಾಗಿ. ನಾನು ಅಳುವುದನ್ನು ಕಂಡು ಹೆದರಿದ ಡ್ರೈವರ್ "ಬೇಡ ಬಿಡಿ ಅಕ್ಕಾ" ಎಂದು ಮೆಟ್ಟಿಲು ಹತ್ತಿಯೇಬಿಟ್ಟರು. ಇದು ಕೈಸೇರಿದ ಕೂಡಲೇ ಫೋನ್ ಮಾಡು. ನಾನು ಎತ್ತುವುದಿಲ್ಲ, ಅಪ್ಪನೇ ಎತ್ತುತ್ತಾರೆ.