ಹತ್ತು ಲಕ್ಷದ ಒಂದನೆಯವರಾಗಿಯೇ ನಿಲ್ಲಿ

ಹರಿಹರ,
ಫೆಬ್ರವರಿ ಮೂವತ್ತೊಂದು, 2611

ಪೂಜ್ಯ ಮುತ್ತಾತ ಕೊಟ್ರಪ್ಪನವರ ಪಾದಗಳಿಗೆ ಹಾಲಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಆಗುತ್ತಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ನನ್ನ ಕನ್ನಡದಲ್ಲಿ ತಿಳಿಯದ ಮಾತು ಬಂದರೆ ನಿಮ್ಮದೇ ಕುಡಿಯೆಂದು ಮನ್ನಿಸಿ.

ನಾಳೆ, ಅಂದರೆ ಈ ಓಲೆ ಕಾಲ ದಾಟಿ ನಿಮ್ಮ ಕೈಸೇರಿದ ಮರುದಿನ, ನಿಮ್ಮೂರಿನಲ್ಲಿ ಮನೆಗೊಂದು ಸಂಖ್ಯೆ ಹಂಚುತ್ತಾರೆ. ರಾಜ್ಯವೆಲ್ಲ ಸುತ್ತಿ ಬಂದವರು, ಸಾಲಿನಲ್ಲಿ ನಿಂತ ಕ್ರಮದಲ್ಲೇ ಕೊಡುತ್ತಾರೆ. ನಿಮಗೆ ಸಿಗುವುದು 10,00,001. ಅದು ನಮ್ಮವರೆಗೂ ಬಂದಿದೆ. ಈಗ ಜಾತಕ, ಗೋತ್ರ ಯಾರೂ ಕೇಳುವುದಿಲ್ಲ, ಸಂಖ್ಯೆ ಕೇಳುತ್ತಾರೆ. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದಾಗ ಮೊತ್ತ ಅದನ್ನು ಮೀರಿದರೆ ತುಂಬುಮನೆ, ಮುಟ್ಟದಿದ್ದರೆ ಕೊರತೆಮನೆ. ಹನ್ನೆರಡನ್ನೇ ನೋಡಿ: ಒಂದು, ಎರಡು, ಮೂರು, ನಾಲ್ಕು, ಆರು ಕೂಡಿದರೆ ಹದಿನಾರು. ನಮ್ಮದಕ್ಕೆ ಇರುವುದು ಒಂದು, 101, 9,901. ಒಟ್ಟು ಹತ್ತು ಸಾವಿರದ ಮೂರು! ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ತುಂಬುಮನೆಯವರು ಮೊದಲ ಪಂಕ್ತಿಯಲ್ಲಿ ಹೋಳಿಗೆ ತಿಂದು ಎದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ನಾವು ಬರೀ ಸಾರು ಸುರಿದುಕೊಳ್ಳುತ್ತೇವೆ.

ಆ ಕೊನೆಯ ಪಂಕ್ತಿಯಲ್ಲೇ ನನ್ನ ಮೊಮ್ಮಗಳು ಇಂಚರ, ಪೃಥು ಎಂಬ ಹುಡುಗನನ್ನು ಮೆಚ್ಚಿದಳು. ಅವನ ಮನೆ 10,00,003. ನಾಳೆಯ ಸಾಲಿನಲ್ಲಿ ನಿಮ್ಮ ಹಿಂದಿನವರ ಹಿಂದೆ ನಿಲ್ಲುವವರ ವಂಶ. ಅದು ಅವಿಭಾಜ್ಯ, ಕೂಡಲು ಒಂದನ್ನು ಬಿಟ್ಟರೆ ಮತ್ತೇನೂ ಇಲ್ಲ. ಕೊರತೆಯಲ್ಲಿ ನಮಗಿಂತ ಕಡೆ, ಜಂಬ ಮಾತ್ರ ಹೇಳತೀರದು. ಅವನ ತಾಯಿ, "ನಮ್ಮನ್ನ ಯಾರೂ ಒಡೆಯಕ್ಕಾಗಲ್ಲ ಕಣಮ್ಮ. ನಮಗೆ ತುಂಬುಮನೆ ಹೆಣ್ಣೇ ಬೇಕು" ಎಂದು ಕಾಫಿಯನ್ನೂ ಮುಟ್ಟದೆ ಎದ್ದುಹೋದರು. ಇಂಚರ ಊಟ ಬಿಟ್ಟು ಗೋಡೆಗೆ ಮುಖಮಾಡಿ ಮಲಗಿದಳು.

ಅದಕ್ಕೇ ಈ ಓಲೆ. ನಾಳೆ ಹಿಂದಿನವರನ್ನು ಮುಂದೆ ಬಿಟ್ಟು ನೀವು ಒಂದು ಹೆಜ್ಜೆ ಹಿಂದೆ ನಿಲ್ಲಿ. 10,00,002 ಆರರಿಂದ ಭಾಗವಾಗುತ್ತದೆ, ಆರನ್ನು ಮೀರಿದ ಅಂಥ ಸಂಖ್ಯೆಗಳೆಲ್ಲ ತುಂಬುಮನೆ.

ಇಷ್ಟು ಬರೆಯುವಷ್ಟರಲ್ಲಿ ಇಂಚರ ಎದ್ದು ಬಂದು, ಹೆಗಲ ಮೇಲಿಂದ ಓದಿ ಚೀರಿದಳು. "ಅಜ್ಜೀ, ಮದ್ವೆ ಆದ್ಮೇಲೆ ಹೊಸಾ ಮನೆಗೆ ಎರಡೂ ಕೂಡಿದ ಸಂಖ್ಯೆ ಅಲ್ವಾ? ಈಗಿರೋದನ್ನೇ ಕೂಡಿ ನೋಡು!"

ಕೂಡಿದೆ. 20,00,004. ಹನ್ನೆರಡರಿಂದ ಭಾಗವಾಗುತ್ತದೆ, ತುಂಬುಮನೆಯೇ! ನೀವು ಹಿಂದೆ ಸರಿದರೆ 20,00,005. ಅದು ಮತ್ತೆ ಕೊರತೆ. ಸುದ್ದಿ ಮುಟ್ಟಿದ್ದೇ ತಡ, ಮಗ ಮೊದಲ ಪಂಕ್ತಿಗೆ ಏರುತ್ತಾನೆಂದು ಬೀಗಿತ್ತಿ ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದಾರಂತೆ.

ಕಾಲ ದಾಟುವ ಓಲೆಯಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಆದ್ದರಿಂದ ಕೈಮುಗಿದು ಕೇಳುತ್ತೇನೆ, ಹಿಂದೆ ಸರಿಯಿರಿ ಎಂದದ್ದನ್ನು ಮರೆತುಬಿಡಿ. ನಾಳೆ ಹಿಂದಿನವರು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಗೋಗರೆದರೂ ಜಾಗ ಬಿಡಬೇಡಿ. ಯಾರು ಕೇಳಿದರೂ ಇಲ್ಲವೆನ್ನದ ಒಳ್ಳೆಯವರು ನೀವೆಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ.

ನಾಳೆ ಒಂದು ದಿನ ಒಳ್ಳೆಯವರಾಗಬೇಡಿ, ಮುತ್ತಾತ.

ನಿಮ್ಮ ಕುಡಿ,
ಹಾಲಮ್ಮ