ಅತ್ತೆಯ ಎಡಗಣ್ಣು

ಫೆಬ್ರವರಿ 9, ಬೆಳಿಗ್ಗೆ

ಎಂದಿನಂತೆ ಎಂಟಕ್ಕೆ ಸೋದರತ್ತೆಯ ಫೋನ್. ನಿನ್ನೆ ಮುಸ್ಸಂಜೆಯ ಅಂಕ ಹೇಳಲು. ಒಂದು ಕೈಯಲ್ಲಿ ಟೀ, ಕಿವಿಗೂ ಭುಜಕ್ಕೂ ನಡುವೆ ಫೋನ್, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ.

"ಕಿತ್ತಳೆಗೆ ಹತ್ತು. ನೀಲಿಗೆ ಎಂಟು."

"ಐದಲ್ವಾ ಅತ್ತೆ?"

"ಎಂಟು ಕಣೇ ಪುಟ್ಟಿ. ಏನ್ ನೀಲಿ ಅಂತೀಯ! ಯಾರೋ ತೊಳೆದು ಇಟ್ಟ ಹಾಗಿದೆ."

ಬಲಗಣ್ಣಿನ ಪೊರೆ ತೆಗೆಸಿ ಹನ್ನೆರಡು ದಿನ. ನಿನ್ನೆಯೇ ಮೊದಲ ಸಲ ತಾರಸಿ ಹತ್ತಿದ್ದು. ಎಂಬತ್ತೆರಡರಲ್ಲಿ ಆ ಸಂಭ್ರಮ... ನನ್ನ ಟೀ ಮಾತ್ರ ಆರಿಹೋಯಿತು.

ನಲವತ್ತನಾಲ್ಕು ವರ್ಷದಿಂದ, ಆಕಾಶ ತಿಳಿಯಾಗಿದ್ದ ಸಂಜೆಗಳಲ್ಲಿ, ಅದೇ ಹಳೇ ಟೆಲಿಸ್ಕೋಪಿನಲ್ಲಿ ಅದೇ ಎರಡು ನಕ್ಷತ್ರ. ಸ್ಕೂಲ್ ಟೀಚರ್ ತಾನೇ, ಅಂಕ ಕೊಡುತ್ತಾರೆ. ಕಿತ್ತಳೆಗೆ ಯಾವಾಗಲೂ ಹತ್ತು. ಅದಕ್ಕೆ ಹೋಲಿಸಿ ನೀಲಿಗೆ ಮೊದಲ ವರ್ಷ ಎಂಟು. ಆಮೇಲೆ ಏಳೂವರೆ, ಏಳು... ಹೋದ ವರ್ಷ ಐದು. ನಕ್ಷತ್ರ ಮಂಕಾಗುತ್ತಿದೆ ಎಂದು ಸಂಶೋಧನಾ ಪ್ರಬಂಧ ಬರೆದವಳು ನಾನು. ನನಗೆ ಹೆಸರು ತಂದದ್ದೇ ಅದು. ನನ್ನ ಹೆಸರಿನ ಪಕ್ಕ ಅತ್ತೆಯ ಹೆಸರೂ ಇದೆ. ಅದರ ಮೊದಲ ಪುಟ ಫ್ರೇಮ್ ಹಾಕಿಸಿಕೊಂಡು ಅವರ ಹಾಲಿನಲ್ಲಿ ನೇತಾಡುತ್ತಿದೆ.

ನಲವತ್ತನಾಲ್ಕು ವರ್ಷ ಇಳಿದದ್ದು ಒಂದೇ ಸಂಜೆಯಲ್ಲಿ ಮೇಲೆ ಬಂದುಬಿಟ್ಟಿದೆ.

ಫೆಬ್ರವರಿ 11

ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದೆ. "ಪೊರೆ ಅಂದ್ರೆ ಹಳದಿ ಕನ್ನಡಕ ಇದ್ದ ಹಾಗೆ ಮೇಡಂ. ವರ್ಷ ವರ್ಷ ಗಾಢ ಆಗ್ತಾ ಹೋಗುತ್ತೆ. ನೀಲಿ ಬಣ್ಣಾನ ಒಳಗೇ ಬಿಡಲ್ಲ. ಯಾಕೆ, ಅಮ್ಮನಿಗೆ ಏನಾದ್ರೂ ತೊಂದ್ರೆನಾ?"

ಅಮ್ಮನಿಗೆ ಏನೂ ಇಲ್ಲ. ತೊಂದರೆ ನನಗೆ.

ಫೆಬ್ರವರಿ 14, ಸಂಜೆ

ಅತ್ತೆಯ ತಾರಸಿ. ಒಂದೊಂದು ಸಲ ಒಂದೊಂದು ಕಣ್ಣಿಗೆ ಬಟ್ಟೆ ಕಟ್ಟಿ ನೋಡಿಸಿದೆ. ಯಾವ ಕಣ್ಣು ಮೊದಲು ಎಂದು ನಾಣ್ಯ ಚಿಮ್ಮಿ ನಿರ್ಧಾರ. ಬಲಗಣ್ಣಿಗೆ ಎಂಟು. ಪೊರೆ ತೆಗೆಯದ ಎಡಗಣ್ಣಿಗೆ ಐದು. ಇಪ್ಪತ್ತು ಸಲವೂ ಹೆಚ್ಚುಕಡಿಮೆ ಅಷ್ಟೇ. ಅದೇ ನಕ್ಷತ್ರ, ಅದೇ ಸಂಜೆ.

"ಏನೇ ಇದು ಕಣ್ಣಾಮುಚ್ಚಾಲೆ?" ಅಂದರು. "ಸುಮ್ನೆ ಅತ್ತೆ, ಆಪರೇಷನ್ ಹೇಗಾಗಿದೆ ಅಂತ" ಎಂದೆ. ಅರವತ್ತರ ಹೊಸ್ತಿಲಲ್ಲಿ ನಿಂತು ಟೀಚರ್ ಮುಂದೆ ಸುಳ್ಳು.

ಫೆಬ್ರವರಿ 15

ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷ ವೀಕ್ಷಣಾಲಯದಲ್ಲಿ ನಾನು ಮಾಡಿದ್ದೇನು? ನೋಡುವವರ ಕಣ್ಣಿನ ತಪ್ಪು ಲೆಕ್ಕ ಹಾಕುವುದು. ಒಬ್ಬೊಬ್ಬರ ಕಣ್ಣು ಒಂದೊಂದು ಥರ ಮೋಸ ಮಾಡುತ್ತದೆ, ಅದನ್ನು ಅಳೆದು ಕಳೆಯಬೇಕು. ನೂರಾರು ಜನರದ್ದು ಅಳೆದಿದ್ದೇನೆ. ಎಲ್ಲರನ್ನೂ ಅತ್ತೆಯ ಕಣ್ಣಿಗೆ ಹೋಲಿಸಿ. ಅತ್ತೆಯದನ್ನು? ಯಾವುದಕ್ಕೂ ಹೋಲಿಸಲಿಲ್ಲ. ಹೊಳೆಯಲೇ ಇಲ್ಲ. ದೊಡ್ಡ ಕ್ಯಾಮೆರಾಗಳಿಗೆ ಇಷ್ಟು ಪ್ರಕಾಶದ ನಕ್ಷತ್ರ ನೋಡಿದರೆ ಕಣ್ಣು ಕುಕ್ಕುತ್ತದೆ, ಅವು ಇದನ್ನು ಅಳೆಯುವುದಿಲ್ಲ. ಹಾಗಾಗಿ ಯಾರೂ ಕೇಳಲೂ ಇಲ್ಲ.

ಹದಿನಾರಕ್ಕೆ ನನ್ನ ಕೈಗೆ ಮೊದಲ ನೋಟ್‌ಬುಕ್ ಕೊಟ್ಟು "ಸರಾಸರಿ ತೆಗಿ, ನೋಡೋಣ" ಅಂದವರು. ಓದು ಸಾಕು ಎಂದ ಅಪ್ಪನ ಮುಂದೆ ಕೂತು, "ಅಣ್ಣ, ಇವಳನ್ನ ಲೆಕ್ಕ ಓದೋಕೆ ಬಿಡು, ಇಲ್ದಿದ್ರೆ ನಾನು ನಿನ್ನ ಮನೆ ಮೆಟ್ಟಿಲು ಹತ್ತಲ್ಲ" ಎಂದು ಹಟ ಹಿಡಿದವರು. ಅವರ ಕಣ್ಣನ್ನು ನಾನು ಅನುಮಾನಿಸುವುದೆಲ್ಲಿ ಬಂತು.

ಫೆಬ್ರವರಿ 20

ನಿರ್ದೇಶಕರಿಗೆ ಹೇಳಿದೆ. ಪೇಪರ್‌ವೇಟ್ ತಿರುಗಿಸುತ್ತ ಕೂತರು. "ಏಪ್ರಿಲಲ್ಲಿ ರಿಟೈರ್ ಆಗ್ತೀರ. ಈಗ ಇದೆಲ್ಲ ಬೇಕಿತ್ತಾ ಮೇಡಂ?" ಬೇಕಿರಲಿಲ್ಲ. ಆದರೆ ಹೀಗೇ ಬಿಟ್ಟು ಹೋಗಲಾರೆ. ಪ್ರಬಂಧ ಹಿಂತೆಗೆದುಕೊಳ್ಳುವ ಪತ್ರಕ್ಕೆ ನನ್ನದೂ ಅತ್ತೆಯದೂ ಸಹಿ ಬೇಕಂತೆ.

ಮನೆಯವರು ಕೇಳಿ, "ಅತ್ತೆಗೆ ಹೇಳೋದು ನೀನೇ ತಾಯಿ, ನಾನು ಅವತ್ತು ಊರಲ್ಲೇ ಇರಲ್ಲ" ಎಂದರು. ಮೂವತ್ತು ವರ್ಷ ಸಂಸಾರ ಮಾಡಿದರೂ ಇವರಿಗೆ ಅತ್ತೆ ಅಂದರೆ ಇನ್ನೂ ಹೆಡ್‌ಮಿಸ್ಟ್ರೆಸ್ಸೇ.

ಫೆಬ್ರವರಿ 22

ಹೇಳಿದೆ. ಆ ಫ್ರೇಮಿನ ಕೆಳಗೇ ಕೂತಿದ್ದರು. ಗ್ರಾಫ್ ತೋರಿಸಿದೆ.

"ಅಂದ್ರೆ ಅದು ಮಂಕಾಗಿದ್ದೇ ಇಲ್ಲ."

"ಇಲ್ಲ ಅತ್ತೆ."

"ನಾನು ಆಗಿದ್ದು."

ಪತ್ರ ಮೇಜಿನ ಮೇಲೆ ಉಳಿಯಿತು. "ಬೆಳಕಿಲ್ಲ, ಆಮೇಲೆ ನೋಡ್ತೀನಿ" ಎಂದು ಒಳಗೆ ಹೋದರು. ಮಧ್ಯಾಹ್ನ ಎರಡು ಗಂಟೆ. ಹಾಲಿನ ತುಂಬಾ ಬಿಸಿಲು.

ಮಾರ್ಚ್ 3

ಒಂಬತ್ತು ದಿನದಿಂದ ಎಂಟರ ಫೋನ್ ಇಲ್ಲ. ನಾನೇ ಮಾಡಿದರೆ, "ಊಟ ಆಯ್ತಾ? ಹುಷಾರು" — ಅಷ್ಟೇ. ಆಕಾಶ ತಿಳಿಯಾಗಿದೆ, ಅಂಕ ಇಲ್ಲ. ಕ್ಯಾಲೆಂಡರಿನ ಹಿಂಬದಿ ಖಾಲಿ. ಅತ್ತೆಯ ಕೈಯಿಂದ ನಕ್ಷತ್ರ ಕಿತ್ತುಕೊಂಡೆ ಅನ್ನಿಸಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 5, ಬೆಳಿಗ್ಗೆ ಎಂಟು

ಫೋನ್! "ಪುಟ್ಟಿ, ಬಾ. ಸಹಿ ಹಾಕಿದೀನಿ."

ಮಾರ್ಚ್ 5, ಮಧ್ಯಾಹ್ನ

ಪತ್ರ ಸಿದ್ಧವಾಗಿತ್ತು. ಕಾಗುಣಿತದ ಎರಡು ತಪ್ಪು ಕೆಂಪು ಪೆನ್ನಿನಲ್ಲಿ ತಿದ್ದಿದ್ದರು. ಫ್ರೇಮ್ ಗೋಡೆಯ ಮೇಲೇ ಇದೆ. "ತೆಗೀಬೇಕಾ?" ಎಂದೆ. "ಯಾಕೆ? ಗಾಜು ಚೆನ್ನಾಗಿದೆ" ಅಂದರು. ನಗು ಬಂತು, ಇಬ್ಬರಿಗೂ.

ಮೇಜಿನ ಮೇಲೆ ನಲವತ್ತನಾಲ್ಕೂ ನೋಟ್‌ಬುಕ್ ಜೋಡಿಸಿಟ್ಟಿದ್ದರು. ಆಮೇಲೆ ಅಂದದ್ದು: "ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಎಡಗಣ್ಣಿನ ಆಪರೇಷನ್ ಶುಕ್ರವಾರ ಬೇಡ, ಮುಂದಕ್ಕೆ ಹಾಕಿ ಅಂತ."

"ಅತ್ತೆ! ಮೆಟ್ಟಿಲು ಕಾಣದೆ ಹೋದ ತಿಂಗಳು ಎಡವಿದ್ದು ಮರ್ತೋಯ್ತಾ?"

"ಹಳೇ ಕಣ್ಣು ಇದೊಂದೇ ಉಳಿದಿರೋದು ಕಣೇ. ಇದನ್ನೂ ತೊಳೆದುಬಿಟ್ರೆ ಎಷ್ಟು ತಪ್ಪು ನೋಡ್ತಿದ್ದೆ ಅಂತ ಯಾವುದರಿಂದ ಅಳೀತೀಯ? ಎಲ್ಲಾ ಬಣ್ಣದ ನಕ್ಷತ್ರಾನೂ ತೋರ್ಸು. ಎರಡೂ ಕಣ್ಣಲ್ಲಿ ನೋಡ್ತೀನಿ. ಅಳೆದು, ಕಳೆದು, ಈ ಪುಸ್ತಕಗಳನ್ನ ಸರಿ ಮಾಡು. ಇಷ್ಟು ವರ್ಷ ನೋಡಿರೋದು ರದ್ದಿಗೆ ಹೋಗಬಾರದು."

ಕಾಲಿಗೆ ಬಿದ್ದೆ. "ಎದ್ದೇಳು, ಸೊಂಟ ಹಿಡ್ಕೊಳ್ಳುತ್ತೆ" ಎಂದು ಬೈಸಿಕೊಂಡೆ.

ಪೂರ್ತಿ ಸರಿಹೋಗುತ್ತದೋ, ಗೊತ್ತಿಲ್ಲ. ಎಡಗಣ್ಣು ಹೇಳುವುದು ಇವತ್ತಿನ ತಪ್ಪನ್ನು. ನಡುವಿನ ವರ್ಷಗಳದ್ದು ಅಂದಾಜೇ. ಹೇಳಿದೆ. "ಅಂದಾಜು ಮಾಡೋಕೇ ತಾನೇ ನಿನ್ನ ಓದಿಸಿದ್ದು?" ಅಂದರು.

ಹತ್ತೇ ಸಂಜೆ, ಆಮೇಲೆ ಆಪರೇಷನ್. ಮೆಟ್ಟಿಲು ಹತ್ತುವಾಗ ನನ್ನ ಕೈ ಬಿಡಕೂಡದು. ಡಾಕ್ಟರ್, ನಾನು, ಅತ್ತೆ ಮೂವರೂ ಒಪ್ಪಿದ ಕರಾರು.

ಮಾರ್ಚ್ 6, ಸಂಜೆ ಏಳು

ತಾರಸಿ. ಮಡಿಲಲ್ಲಿ ಈ ಡೈರಿ, ಅಂಕದ ಹಾಳೆ ಬ್ಯಾಗಿನಲ್ಲೇ ಉಳಿಯಿತು. ಮನೆಯವರು ಕುರ್ಚಿ ಹೊತ್ತು ತಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಾರೆ. ಇಷ್ಟು ಸಿಕ್ಕಿದೆ ನನಗೆ. ಒಬ್ಬಳ ಪಾಲಿಗೆ ಇದು ಜಾಸ್ತಿಯೇ.

ಬಲಗಣ್ಣಿಗೆ ಬಟ್ಟೆ ಕಟ್ಟಿದ್ದಾಯಿತು. ಅತ್ತೆ ಬಗ್ಗಿದರು.

"ಬರ್ಕೋ ಪುಟ್ಟಿ. ಎಡಗಣ್ಣು. ಕಿತ್ತಳೆಗೆ ಹತ್ತು. ನೀಲಿಗೆ —"