ಹಾಡಿಗೆ ಪಕ್ಷವಿಲ್ಲ

ಮಾರ್ಚ್ ೩, ಸೋಮವಾರ

ಬೆಳಗ್ಗೆ ಮತ್ತೆ ಅದೇ ವೈರ್ ಕೈಕೊಟ್ಟಿತು. ಬಲಗಡೆಯ ಸ್ಪೀಕರ್ ಗೊರಗೊರ. ಅಲ್ಲಾಡಿಸಿದೆ, ಒತ್ತಿದೆ, ಕೊನೆಗೆ ಬೈದೆ. ಸರಿಹೋಯಿತು. ಗಂಟೆ ಬಾರಿಸಿ, ಸುರಕ್ಷತೆಯ ಅನೌನ್ಸ್‌ಮೆಂಟ್ ಓದಿ, ಹಾಡು ಹಾಕಿದೆ. ನನ್ನ ಮಹಡಿ ಕೋಣೆಯ ಗಾಜಿನಾಚೆ, ಕೆಳಗೆ, ಹೊಲಿಗೆ ಮೆಷಿನ್‌ಗಳ ಸಾಲು, ಬಗ್ಗಿದ ತಲೆಗಳು. ಮೂರನೇ ಲೈನಿನ ಮೊದಲ ಮೆಷಿನ್ ಅಕ್ಕನದು. ಶರ್ಟಿಗೆ ಕಾಲರ್ ಕೂಡಿಸುತ್ತಾಳೆ. ಅವಳ ಕೈ ಓಡಿದ ಹಾಗೆ ಹಿಂದಿನವರ ಕೈ ಓಡಬೇಕು.

ಫ್ಯಾಕ್ಟರಿಯಲ್ಲಿ ನನ್ನ ಹೆಸರು ರೇಡಿಯೋ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನಿಗೆ ಇಂಥ ಅಡ್ಡಹೆಸರು! ಇರಲಿ. ಕೆಲಸ ಕೊಡಿಸಿದ್ದು ಅಕ್ಕ, ಇರುವುದು ಅವಳ ಮನೆಯಲ್ಲಿ. ಬಾಯಿ ಮುಚ್ಚಿಕೊಂಡು ಹಾಡು ಹಾಕಬೇಕು.

ಹನ್ನೊಂದಕ್ಕೆ ಪ್ರೊಡಕ್ಷನ್ ಸಾಹೇಬರು ಮೇಲೆ ಹತ್ತಿ ಬಂದರು. ಅಪರೂಪ.

"ಊಟ ಆದ್ಮೇಲೆ ಎಲ್ರ ಕೈನೂ ಜೋತುಬೀಳತ್ತೆ ರೇಡಿಯೋ. ಹಾಡಿನ ಸ್ಪೀಡ್ ಒಂಚೂರು ಏರಿಸೋಕಾಗತ್ತಾ? ಯಾರಿಗೂ ಗೊತ್ತಾಗ್ಬಾರ್ದು."

ಆಗುತ್ತದೆ. ಶ್ರುತಿ ಮುಟ್ಟದೆ ವೇಗ ಮಾತ್ರ ಏರಿಸಬಹುದು. ಕಂಪ್ಯೂಟರಿನಲ್ಲಿ ಒಂದು ಗೆರೆ ಸರಿಸಿದರೆ ಮುಗಿಯಿತು. ಸರಿಸಿದೆ. ಇದರಲ್ಲಿ ಏನಿದೆ?

ಮಾರ್ಚ್ ೫, ಬುಧವಾರ — ಊಟದ ಬಿಡುವು

ಉಪಾಯ ಫಲಿಸಿತು! ನಿನ್ನೆ ಮಧ್ಯಾಹ್ನ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದೆ. ಹಾಡು ಏರಿದಂತೆ ಪೆಡಲ್ ಮೇಲಿನ ಕಾಲುಗಳೂ ಏರಿದವು. ಒಬ್ಬರೂ ತಲೆ ಎತ್ತಲಿಲ್ಲ. ಸುಳ್ಳು ಯಾಕೆ — ಖುಷಿಯಾಯಿತು. ಆರ್ಕೆಸ್ಟ್ರಾದಲ್ಲಿ ಇಷ್ಟು ಜನ ನನ್ನ ತಾಳಕ್ಕೆ ಸಿಕ್ಕಿದ್ದೇ ಇಲ್ಲ.

ಮೆಷಿನ್ ರಿಪೇರಿ ಮಾಡುವ ಮೆಕ್ಯಾನಿಕ್ ಅಣ್ಣನಿಗೆ ಹೇಳಿಬಿಟ್ಟೆ. ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ನನಗೆ. ಅವನು ನಕ್ಕ.

"ಪರ್ವಾಗಿಲ್ವೇ. ನಾನು ಮೆಷಿನ್‌ಗೆ ಎಣ್ಣೆ ಬಿಡ್ತೀನಿ, ನೀನು ಜನಕ್ಕೆ ಬಿಡ್ತೀಯ."

"ಹಾಡಿಗೆ ಪಕ್ಷ ಇಲ್ಲ ಅಣ್ಣ. ಮದುವೆ ಮನೇಲಿ ಹಾಡಿದ್ದನ್ನೇ ಸಾವಿನ ಮನೇಲೂ ಹಾಡ್ಬಹುದು. ನಗೋದು, ಅಳೋದು ಕೇಳೋರಿಗೆ ಬಿಟ್ಟಿದ್ದು."

"ಸಾಹೇಬರ ಹತ್ರ ಹೇಳ್ಬೇಡ ಮತ್ತೆ. ಪಕ್ಷ ಇಲ್ಲ ಅಂತ ಗೊತ್ತಾದ್ರೆ ನಿನ್ನನ್ನ ಯಾಕೆ ಇಟ್ಕೋತಾರೆ?"

ತಮಾಷೆಗೆ ಅಂದದ್ದು. ನನಗೆ ಸಿಟ್ಟು ಬಂತು. ಟೀ ಕೊಡಿಸದೆ ಕಳಿಸಿದೆ.

ಮಾರ್ಚ್ ೭, ಶುಕ್ರವಾರ

ಈಗ ಬೆಳಗಿನಿಂದಲೇ ಏರಿಸಬೇಕಂತೆ. ಸಾಹೇಬರು ನನಗೆ ಮೆತ್ತನೆ ಕುರ್ಚಿ ಕಳಿಸಿದ್ದಾರೆ. ತಿರುಗುತ್ತದೆ.

ಮಾರ್ಚ್ ೧೪, ಶುಕ್ರವಾರ

ಟಾರ್ಗೆಟ್ ಏರಿದೆ. ಜನ ಹೊಲಿದು ತೋರಿಸಿದ್ದಾರಲ್ಲ, ಇನ್ನು ಅಷ್ಟು ಹೊಲಿಯಲೇಬೇಕು. ಗೋಡೆಗೆ ಬೋರ್ಡ್ ಹಾಕಿದ್ದಾರೆ. ತಿಂಗಳ ಕೊನೆಗೆ ಯಾವ ಲೈನ್ ಹಿಂದೆ ಉಳಿಯುತ್ತದೋ ಅದನ್ನು ಮುಚ್ಚುತ್ತಾರೆ. ಬೋರ್ಡಿನಲ್ಲಿ ಅಕ್ಕನ ಲೈನ್ ಈಗ ಎರಡನೇ ಸ್ಥಾನದಲ್ಲಿದೆ. ಸಂಜೆ ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಮೊದಲನೇದು ಬರ್ತೀವಿ ನೋಡ್ತಾ ಇರು."

ಮನೆಗೆ ಬಂದು ಚಪಾತಿ ಹಿಟ್ಟು ನಾದಲು ಕೂತಳು. ಆಗಲಿಲ್ಲ. ಬಲಗೈ ಜೋಮು ಹಿಡಿದಿದೆಯಂತೆ. ನಾನೇ ನಾದಿದೆ. ಹಿಟ್ಟು ಕೈಗೆಲ್ಲ ಅಂಟಿ, ಪುಟ್ಟಿ — ಅಕ್ಕನ ಮಗಳು — ಬಿದ್ದು ಬಿದ್ದು ನಕ್ಕಳು. ಅಕ್ಕನೂ ನಕ್ಕಳು. ಕೈ ಮಾತ್ರ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಮಾರ್ಚ್ ೧೬, ಭಾನುವಾರ — ಮಧ್ಯಾಹ್ನ

ಬರೆಯದೆ ಇರಲಾರೆ.

ಊಟವಾದ ಮೇಲೆ ಅಕ್ಕ ಪುಟ್ಟಿಯನ್ನು ಮಲಗಿಸುತ್ತಿದ್ದಳು. ನಾನು ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಅರೆನಿದ್ದೆಯಲ್ಲಿದ್ದೆ. ಅಮ್ಮ ನಮಗೆ ಹಾಡುತ್ತಿದ್ದ ಜೋಗುಳ. ಅಕ್ಕನ ದನಿ ಅಮ್ಮನದೇ, ಸ್ವಲ್ಪ ಗೊಗ್ಗರು. ಆದರೆ ಏನೋ ಸರಿಯಿಲ್ಲ. ಎದ್ದು ಕೂತೆ. ಸಾಲು ಮುಗಿಯುವ ಮೊದಲೇ ಮುಂದಿನ ಸಾಲು. ಉಸಿರಿಗೆ ಜಾಗವಿಲ್ಲ. ಮಗುವಿನ ಬೆನ್ನು ತಟ್ಟುವ ಕೈ ಟಪಟಪಟಪ... ನಾನು ಏರಿಸಿಟ್ಟ ವೇಗ. ಅದೇ. ನನಗೆ ಗೊತ್ತಾಗದೆ ಇರುತ್ತದೆಯೇ?

ಪುಟ್ಟಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. "ಅಮ್ಮಾ, ಓಡ್ಬೇಡ."

"ಎಲ್ಲೇ ಓಡ್ತಿದೀನಿ? ಕೂತಿದೀನಲ್ಲೇ!"

"ಓಡ್ತಿದೀಯ."

ಅಕ್ಕನಿಗೆ ಅರ್ಥವಾಗಲಿಲ್ಲ. ಗದರಿದಳು. ಮಗು ಅತ್ತಿತು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಹೋದೆ, ಬೀದಿ ತುದಿಯವರೆಗೆ. ಅಲ್ಲಿ ಕೆಲಸವೇನೂ ಇರಲಿಲ್ಲ.

ಮಾರ್ಚ್ ೧೭, ಸೋಮವಾರ

ಸಾಹೇಬರ ಕ್ಯಾಬಿನ್‌ಗೆ ಹೋದೆ. ಮಾತು ಉರುಹೊಡೆದುಕೊಂಡು ಹೋಗಿದ್ದೆ. ಅರ್ಧ ಮರೆತೆ.

"ಸ್ಪೀಡ್ ಇಳಿಸ್ಬೇಕು ಸಾರ್. ಜನರ ಕೈ ಹಾಳಾಗ್ತಿದೆ."

"ಹಾಡು ತಾನೇ ಹಾಕ್ತಿರೋದು? ಯಾರ ಕುತ್ತಿಗೆ ಹಿಡಿದಿದೀವಿ? ಬೇಡ ಅಂದ್ರೆ ಕಿವಿಗೆ ಹತ್ತಿ ಇಟ್ಕೊಳ್ಲಿ. ನೀನೇ ಹೇಳಿದ್ಯಂತಲ್ಲ, ಹಾಡಿಗೆ ಪಕ್ಷ ಇಲ್ಲ ಅಂತ."

ಮೆಕ್ಯಾನಿಕ್ ಅಣ್ಣನ ಬಾಯಿಗೆ ಬೀಗ ಹಾಕಬೇಕು. ನನ್ನ ಮಾತು ನನ್ನ ಮುಖಕ್ಕೇ ಬಂತು. ಬರುವಾಗ ಹೇಳಿದರು — ಶಿಪ್‌ಮೆಂಟ್ ಹತ್ತಿರ ಬಂತು, ಈ ವಾರ ಇನ್ನೂ ಸ್ವಲ್ಪ.

ಮಾರ್ಚ್ ೧೮, ಮಂಗಳವಾರ

ಇಳಿಸಿದೆ. ಯಾರನ್ನೂ ಕೇಳಲಿಲ್ಲ. ಹಾಡು ಹುಟ್ಟಿದಾಗ ಹೇಗಿತ್ತೋ ಹಾಗೆ ಹಾಕಿದೆ. ಪುಣ್ಯದ ಕೆಲಸ ಮಾಡಿದೆ ಎಂದು ಬೀಗುತ್ತಿದ್ದೆ.

ಎಂಥ ಅಧ್ವಾನ! ಕೈಗಳು ಮುಂದೆ, ಹಾಡು ಹಿಂದೆ. ಕತ್ತಲಲ್ಲಿ ಇಲ್ಲದ ಮೆಟ್ಟಿಲು ಇಳಿದ ಹಾಗೆ ಎಲ್ಲರೂ ಮುಗ್ಗರಿಸಿದರು. ದಾರ ತುಂಡಾಯಿತು, ಕಾಲರ್ ಸೊಟ್ಟವಾಯಿತು. ಮೇಲೆ ನೋಡಿ ಕೂಗಿದರು: "ಏನ್ ರೇಡಿಯೋ, ನಿದ್ದೆ ಹೊಡೀತಿದೀಯಾ?" ಅಕ್ಕನ ಲೈನ್ ಕೊನೆಗೆ ಬಿತ್ತು. ಬಿಚ್ಚಿ ಮತ್ತೆ ಹೊಲಿಯಲು ಅವರನ್ನೆಲ್ಲ ಸಂಜೆ ನಿಲ್ಲಿಸಿಕೊಂಡರು.

ಇನ್ನೊಂದು ವಿಷಯ ಬರೆಯಲು ಹೆದರಿಕೆ. ನನಗೂ ಅದು ಎಳೆದಂತೆ ಕೇಳಿತು. ನೂರಾರು ಸಲ ನುಡಿಸಿದ ಹಾಡು. ಅದರ ನಿಜವಾದ ನಡೆ ನನ್ನ ಕಿವಿಗೇ ಸುಳ್ಳೆನಿಸಿತು.

ಮಾರ್ಚ್ ೧೯, ಬುಧವಾರ

ಮತ್ತೆ ಏರಿಸಿದೆ. ಯಾರೂ ಬೈಯಲಿಲ್ಲ.

ಮಾರ್ಚ್ ೨೩, ಭಾನುವಾರ — ಬೆಳಗ್ಗೆ

ನಿನ್ನೆ ಅಕ್ಕನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಪುಟ್ಟಿಯನ್ನು ಎತ್ತಿಕೊಳ್ಳಲು ಹೋಗಿ ಕೈಬಿಟ್ಟಿದ್ದಳು. ಮಗು ಹಾಸಿಗೆ ಮೇಲೆ ಬಿತ್ತು, ಸದ್ಯ. ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ ಎಂದರು ಡಾಕ್ಟರ್. ಕೈಗೆ ಈಗಲೇ ವಿಶ್ರಾಂತಿ ಕೊಡಬೇಕು. ಹೀಗೇ ಎಳೆದಾಡಿದರೆ ಹಿಡಿತ ಹೋದದ್ದು ಹೋದದ್ದೇ. ಪಟ್ಟಿ ಕಟ್ಟಿ ಕಳಿಸಿದರು.

ಇವತ್ತು ಕಾಫಿ ಕೊಟ್ಟು ಹೇಳಿಬಿಟ್ಟೆ. "ಹಾಡು ಏರಿಸ್ತಿರೋದು ನಾನೇ ಅಕ್ಕ. ಮೂರು ವಾರ ಆಯ್ತು."

ಕಪಾಳಕ್ಕೆ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಗೊತ್ತು ಕಣೋ. ಮೊದಲನೇ ದಿನಾನೇ ಗೊತ್ತಾಯ್ತು. ನೀನು ಮನೇಲಿ ಕೂತು ಕೀಬೋರ್ಡ್ ಮೇಲೆ ಕುಟ್ಟಿದ ಹಾಡುಗಳಲ್ವಾ, ನನಗೆ ಗೊತ್ತಾಗಲ್ವಾ?"

"ಮತ್ತೆ ಸುಮ್ನಿದ್ದೆ?"

"ನಮ್ಮ ಲೈನ್ ಉಳೀಲಿ ಅಂತ ಮಾಡ್ತಿದೀಯ ಅಂದ್ಕೊಂಡೆ. ಪಾಪ, ತಮ್ಮ ನನಗೋಸ್ಕರ ಮಾಡ್ತಿದಾನೆ ಅಂತ."

ನನಗೆ ಅಳು ಬಂತು. ತಡೆಯಲಿಲ್ಲ. ಅಕ್ಕ ಎಡಗೈಯಲ್ಲಿ ನನ್ನ ತಲೆ ಸವರಿದಳು. ಆಮೇಲೆ ಹೇಳಿದಳು: "ತಿಂಗಳ ಕೊನೆವರೆಗೂ ಇಳಿಸ್ಬೇಡ. ಲೈನ್ ಮುಚ್ಚಿದ್ರೆ ಎಲ್ರೂ ಬೀದಿಗೆ ಬರ್ತೀವಿ. ಹಾಡು ಇದ್ರೆ ಕೈ ತಾನಾಗೇ ಓಡತ್ತೆ. ನೋವು ಗೊತ್ತಾಗಲ್ಲ."

ನೋವು ಗೊತ್ತಾಗುವುದಿಲ್ಲ! ಅದೇ ತಾನೇ ಭಯ.

ಮಾರ್ಚ್ ೨೪, ಸೋಮವಾರ — ಹತ್ತೂವರೆ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೇನೆ. ಸಾಹೇಬರು ಬಡಿಯುತ್ತಿದ್ದಾರೆ. "ತೆಗೀತೀಯೋ ಇಲ್ವೋ? ಹಾಡು ಹಾಕೋ!" ಜೊತೆಗೆ ಮೆಕ್ಯಾನಿಕ್ ಅಣ್ಣ: "ಹಠ ಮಾಡ್ಬೇಡ ಮಾರಾಯ, ನನ್ನ ಕೆಲಸಕ್ಕೂ ಕುತ್ತು ತರ್ತೀಯ."

ಅಕ್ಕ ಬೆಳಗ್ಗೆ ಪಟ್ಟಿ ಬಿಚ್ಚಿಟ್ಟು ಬಂದಿದ್ದಳು. ಬಸ್ಸಿನಲ್ಲಿ ನೋಡಿದೆ. ಗಂಟೆ ಹೊಡೆದು, ಏರಿಸಿದ ಹಾಡೇ ಹಾಕಿದೆ. ಒಂದು ಗಂಟೆ ತಡೆದುಕೊಂಡೆ. ಮೇಲಿಂದ ಅವಳ ಬಲಗೈ ಕಾಣುತ್ತಿತ್ತು — ಬೆರಳು ಬಟ್ಟೆ ಹಿಡಿಯುತ್ತಿಲ್ಲ, ಅಂಗೈಯಿಂದ ತಳ್ಳುತ್ತಿದ್ದಾಳೆ. ತಾಳ ಮಾತ್ರ ತಪ್ಪಿಲ್ಲ.

ಹಾಡು ನಿಲ್ಲಿಸಿದೆ. ಇಳಿಸಲಿಲ್ಲ, ಪೂರ್ತಿ ನಿಲ್ಲಿಸಿದೆ. ಮೈಕ್ ಹಾಕಿ ಹೇಳಿದೆ. ಹೀಗೆ ಹೀಗೆ, ನಾನೇ ಏರಿಸ್ತಿದ್ದೆ, ಸಾಹೇಬರು ಹೇಳಿದ್ರು, ನಾನು ಮಾಡಿದೆ. ನಿಮ್ಮ ಕೈ ಓಡ್ತಿರೋದು ನಿಮ್ಮಿಂದ ಅಲ್ಲ. ಸ್ವಲ್ಪ ನಿಲ್ಲಿಸಿ. ಕೈ ನೋಡ್ಕೊಳ್ಳಿ.

ಕೂಗಾಡುತ್ತಾರೆ, ಕಲ್ಲು ಹೊಡೆಯುತ್ತಾರೆ ಅಂದುಕೊಂಡೆ. ಒಂದಿಬ್ಬರು ತಲೆ ಎತ್ತಿ ನೋಡಿದರು, ಅಷ್ಟೇ. ಮೆಷಿನ್‌ಗಳು ನಿಲ್ಲಲಿಲ್ಲ. ಹಾಡಿಲ್ಲದೆ ಕೇಳಿದ್ದು ಇದೇ ಮೊದಲು... ಎಲ್ಲ ಮೆಷಿನ್ ಒಂದೇ ಲೆಕ್ಕದಲ್ಲಿ. ನನ್ನ ಲೆಕ್ಕದಲ್ಲಿ. ಸ್ಪೀಕರ್ ಸತ್ತಿದೆ, ತಾಳ ಸತ್ತಿಲ್ಲ.

ಆಮೇಲೆ ಶುರುವಾಯಿತು. ಮೊದಲು ಗೊತ್ತಾಗಲಿಲ್ಲ. ಮೂರನೇ ಲೈನಿನಿಂದ. ಅಕ್ಕ ಹಾಡುತ್ತಿದ್ದಾಳೆ. ನಾನು ನಿಲ್ಲಿಸಿದ ಸಾಲಿನಿಂದಲೇ ಎತ್ತಿಕೊಂಡಿದ್ದಾಳೆ. ಹಿಂದಿನವಳು ಸೇರಿದಳು. ಅವಳ ಹಿಂದಿನವಳು. ಈಗ ಇಡೀ ಲೈನ್. ಪಕ್ಕದ ಲೈನ್ ಸೋಲಬಾರದೆಂದು ಅದಕ್ಕಿಂತ ಜೋರು. ವೇಗವನ್ನು ನಾನು ಯಾವತ್ತೂ ಅಷ್ಟು ಏರಿಸಿರಲಿಲ್ಲ.

ಬಾಗಿಲು ಬಡಿಯುವುದು ನಿಂತಿದೆ. ಸಾಹೇಬರಿಗೂ ಕೇಳಿಸಿರಬೇಕು. ಮೆಟ್ಟಿಲ ಮೇಲೆ ನಗುತ್ತಿದ್ದಾರೆ, ನಿಜವಾಗಿ ನಗುತ್ತಿದ್ದಾರೆ. "ಇರ್ಲಿ ಬಿಡೋ, ಇನ್ಮೇಲೆ ನೀನು ಬೇಕಾಗಿಲ್ಲ."

ಗಾಜು ಗುದ್ದಿದೆ. ಮೈಕ್‌ನಲ್ಲಿ ಕೂಗಿದೆ, ಅಕ್ಕಾ, ಸಾಕು, ಕೈ ತೆಗಿ. ಮೇಲೆ ನೋಡಿದಳು. ನನ್ನನ್ನೇ ನೋಡುತ್ತಿದ್ದಾಳೆ. ಬಾಯಿ ನಿಂತಿಲ್ಲ. ಕೈ ಇನ್ನೂ ಓಡುತ್ತಲೇ...